ಹದಿನೆಂಟನೆಯ ಗೆರೆ

೨೦೨೫ನೇ ಇಸವಿ ಫೆಬ್ರವರಿ ಹತ್ತೊಂಬತ್ತು, ಬುಧವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷ. ಗಂಗಾವತಿಯಿಂದ ಹೇಮಗುಡ್ಡದ ಕಡೆಗೆ ಹೋಗುವ ದಾರಿಯಲ್ಲಿ, ಕಾಲುವೆಯ ದಂಡೆಯ ಮೇಲೆ ನಿಂತು ಮಹೇಶ್ವರಿ ಉಕ್ಕಿನ ಕೊಳವೆಗೆ ಅಂಗೈ ಹಚ್ಚಿ ನೋಡಿದಳು. ತಣ್ಣಗಿತ್ತು. ಕೈಯಲ್ಲಿದ್ದ ಉಷ್ಣಮಾಪಕ ಹತ್ತೊಂಬತ್ತು ಡಿಗ್ರಿ ತೋರಿಸುತ್ತಿತ್ತು. ಆದರೂ ಅಂಗೈಯನ್ನೂ ಒಮ್ಮೆ ಕೇಳಿಕೊಳ್ಳುವುದು ಅವಳ ರೂಢಿ.

ಕಾಲುವೆಯಲ್ಲಿ ಎರಡು ಬೆಳೆಗೂ ನೀರು ಹರಿಯಬೇಕು, ನಡುವೆ ಕಂಬ ನಿಲ್ಲಿಸುವಂತಿಲ್ಲ. ಹಾಗಾಗಿ ಈ ದಂಡೆಯಿಂದ ಆ ದಂಡೆಗೆ ಬುಟ್ಟಿಯ ಹಿಡಿಯಂತೆ ಬಾಗಿದ ಎರಡು ಕಮಾನುಗಳು, ಅವುಗಳಿಗೆ ನೇತುಬಿದ್ದ ರಸ್ತೆ. ಸೇತುವೆಯ ನಕ್ಷೆ ಇಷ್ಟೇ. ಕಮಾನು ಎಂದರೆ ಒಂದು ಉಕ್ಕಿನ ಕೊಳವೆ. ದಂಡೆಯಿಂದ ದಂಡೆಗೆ ಅರವತ್ತು ಮೀಟರು, ನೆತ್ತಿಯ ಎತ್ತರ ಹನ್ನೆರಡು ಮೀಟರು, ಒಳಗೆ ಮನುಷ್ಯ ಮೊಣಕಾಲೂರಿ ತೆವಳಿ ಹೋಗುವಷ್ಟು ಜಾಗ. ಖಾಲಿ ಕೊಳವೆಗೆ ಅಂಥ ಬಲವಿಲ್ಲ. ಅದರ ಹೊಟ್ಟೆ ತುಂಬ ಕಾಂಕ್ರೀಟ್ ತುಂಬಿದರೆ ಮಾತ್ರ ಉಕ್ಕು ಕಾಂಕ್ರೀಟನ್ನು ಅಪ್ಪಿ, ಕಾಂಕ್ರೀಟ್ ಉಕ್ಕನ್ನು ಒಳಗಿಂದ ಆನಿಸಿಕೊಂಡು, ಎರಡೂ ಕೂಡಿ ಭಾರ ಹೊರುತ್ತವೆ. ನಡುವೆ ಗಾಳಿ ಉಳಿಯಿತೋ, ಆ ಅಪ್ಪುಗೆ ಸಡಿಲ.

ತುಂಬುವುದು ಹೇಗೆ ಎಂಬುದರ ಮೇಲೆ ಮೂರು ತಿಂಗಳು ಜಗಳ ನಡೆದಿತ್ತು. ಕಾಮಗಾರಿಯ ಮುಖ್ಯಸ್ಥ ಪ್ರಭುರಾಜ ಕುಷ್ಟಗಿಯವನು. ಮೂವತ್ತು ವರ್ಷ ಸೇತುವೆ ಕಟ್ಟಿದವನು, ತೊಂಬತ್ತೈದು ಕಿಲೋ ತೂಗುವವನು, ಅಷ್ಟೇ ತೂಕದ ಮಾತಿನವನು. ಕೊಳವೆಯ ಬೆನ್ನಿನ ಮೇಲೆ ಅಲ್ಲಲ್ಲಿ ಕಿಟಕಿ ಕೊರೆದು, ಮೇಲಿನಿಂದ ಸುರಿದು, ವೈಬ್ರೇಟರಿನಿಂದ ಅಲುಗಾಡಿಸಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ ಅನ್ನುವುದು ಅವನ ಪಟ್ಟು. ಗುಣಮಟ್ಟ ನೋಡುವ ಎಂಜಿನಿಯರ್ ಮಹೇಶ್ವರಿ ತಳಕಲ್‌ನವಳು, ಇಪ್ಪತ್ತೊಂಬತ್ತರ ಪ್ರಾಯ. ಎರಡೂ ದಂಡೆಯ ಬುಡದಿಂದ ಏಕಕಾಲಕ್ಕೆ ಪಂಪ್ ಮಾಡಬೇಕು, ಕಾಂಕ್ರೀಟ್ ತಾನೇ ಮೇಲೇರುತ್ತಾ ಗಾಳಿಯನ್ನು ಮುಂದೆ ಮುಂದೆ ತಳ್ಳಿ ನೆತ್ತಿಯ ರಂಧ್ರದಿಂದ ಹೊರಗಟ್ಟುತ್ತದೆ ಅನ್ನುವುದು ಅವಳ ವಾದ.

"ಅಲ್ಲವ್ವ ಮೇಡಮ್ಮ, ನೀರು ಕೆಳಗ ಹರೀತೈತೋ ಮ್ಯಾಲ ಹರೀತೈತೋ? ಕಾಂಕ್ರೀಟಿಗೆ ಗುಡ್ಡ ಹತ್ತಾಕ ಹಚ್ಚೀರಲ್ಲ" ಎಂದು ಪ್ರಭುರಾಜ ಸಭೆಯಲ್ಲೇ ನಗಾಡಿದ್ದ.

ಕೊನೆಗೆ ಮೇಲಿನವರು ಒಂದು ಷರತ್ತಿನ ಮೇಲೆ ಒಪ್ಪಿದರು. ಮೊದಲ ಕಮಾನು ಮಹೇಶ್ವರಿಯ ಪದ್ಧತಿಯಲ್ಲಿ. ಇಪ್ಪತ್ತೆಂಟು ದಿನದ ಮೇಲೆ ಉಕ್ಕಿಗೂ ಕಾಂಕ್ರೀಟಿಗೂ ನಡುವಿನ ಸಂದಿ ಅಳೆಯುವುದು. ಅದು ಮೂರು ಮಿಲಿಮೀಟರ್ ದಾಟಿದರೆ ಎರಡನೆಯ ಕಮಾನು ಪ್ರಭುರಾಜನ ಪದ್ಧತಿಯಲ್ಲಿ, ಮಹೇಶ್ವರಿ ವಾಪಸು ಕೊಪ್ಪಳದ ಪ್ರಯೋಗಾಲಯಕ್ಕೆ, ಕಾಂಕ್ರೀಟಿನ ಗಡ್ಡೆ ಒಡೆದು ನೋಡುವ ಕೆಲಸಕ್ಕೆ. ನಾಲ್ಕು ವರ್ಷ ಅದನ್ನೇ ಮಾಡಿ ಬಂದವಳು ಅವಳು. ಬಯಲಲ್ಲಿ ನಿಂತು ತಾನೇ ಏನಾದರೂ ಕಟ್ಟುವ ಅವಕಾಶ ಸಿಕ್ಕಿದ್ದು ಇದೇ ಮೊದಲು.

"ಮೂರರೊಳಗ ಬಂತಂದ್ರ ಎರಡನೇ ಕಮಾನಕ್ಕ ನಾನ ಸುತ್ತಿಗಿ ಹಿಡಕೊಂಡು ಮ್ಯಾಲ ಹತ್ತತೀನಿ, ಬರಕೋರಿ" ಎಂದಿದ್ದ ಪ್ರಭುರಾಜ. ಕೂಲಿಯವರೆಲ್ಲ ಗೊಳ್ಳೆಂದು ನಕ್ಕಿದ್ದರು. ಮೂವತ್ತು ವರ್ಷ ಸೇತುವೆ ಕಟ್ಟಿದರೂ ಅವನಿಗೆ ಎತ್ತರವೆಂದರೆ ಕಾಲು ನಡುಗುತ್ತದೆ ಎಂಬುದು ಇಡೀ ಸೈಟಿಗೆ ಗೊತ್ತಿದ್ದ ಗುಟ್ಟು.

ಆರೂವರೆಗೆ ಶುರುವಾಗಬೇಕಿದ್ದ ಕೆಲಸ ಎಂಟಕ್ಕೆ ಶುರುವಾಯಿತು. ಭತ್ತದ ಹುಲ್ಲು ಹೇರಿದ ಟ್ರಾಕ್ಟರೊಂದು ದಾರಿಗೆ ಅಡ್ಡ ಮಗುಚಿ ಮಲಗಿತ್ತು. ಹುಲ್ಲು ಎತ್ತುವತನಕ ಕಾಂಕ್ರೀಟ್ ಕಲಸಲೇಬೇಡಿ ಎಂದು ಮಹೇಶ್ವರಿ ಫೋನಿನಲ್ಲಿ ಹೇಳಿ ಕಾದಳು. ಹೊತ್ತು ಏರುತ್ತಿತ್ತು.

"ಬಿಸಲಿಗೆ ನಿಮ್ಮ ಪೈಪು ಕಾಯಾಕತ್ತತಿ ನೋಡ್ರಿ" ಎಂದ ಪ್ರಭುರಾಜ. ಮಾತಿನಲ್ಲಿ ಚೇಷ್ಟೆಯಿದ್ದರೂ ಕಣ್ಣು ಕೊಳವೆಯ ಮೇಲೇ ಇತ್ತು. ಕಾದ ಉಕ್ಕು ತಾಗಿದರೆ ಕಾಂಕ್ರೀಟ್ ಬೇಗ ಬಿಗಿಯುತ್ತದೆ, ಏರುವುದು ಕಷ್ಟ. ಅದು ಅವನಿಗೂ ಗೊತ್ತು.

ಕಾಂಕ್ರೀಟ್ ಎಲ್ಲಿಯವರೆಗೆ ಏರಿದೆ ಎಂದು ಹೊರಗಿನಿಂದ ತಿಳಿಯುವುದಕ್ಕೆ ಇರುವ ಉಪಾಯ ಸುಲಭದ್ದು. ಸುತ್ತಿಗೆಯಿಂದ ಬಡಿದು ಕೇಳುವುದು. ಖಾಲಿ ಕೊಳವೆ 'ಠಣ್' ಅನ್ನುತ್ತದೆ, ತುಂಬಿದ್ದು 'ಬೊದ್' ಅನ್ನುತ್ತದೆ. ಎರಡೂ ಬುಡದಿಂದ ನೆತ್ತಿಯವರೆಗೆ ಮೀಟರಿಗೊಂದರಂತೆ ಮೂವತ್ಮೂರು ಮೂವತ್ಮೂರು ಸುಣ್ಣದ ಗೆರೆ ಎಳೆಸಿದ್ದಳು ಮಹೇಶ್ವರಿ. ಎರಡೂ ಕಡೆ ಕಾಂಕ್ರೀಟ್ ಸಮಸಮವಾಗಿ ಏರಬೇಕು, ಎರಡು ಗೆರೆಗಿಂತ ಹೆಚ್ಚು ವ್ಯತ್ಯಾಸವಾದರೆ ಕಮಾನು ಒಂದು ಕಡೆಗೆ ತೂಗಿ ವಾಲುತ್ತದೆ. ಹೇಮಗುಡ್ಡದ ಕಡೆಯ ಸುತ್ತಿಗೆ ಅವಳದು. ಗಂಗಾವತಿ ಕಡೆಯ ಸುತ್ತಿಗೆ ಯಮನೂರಮ್ಮನದು.

ಯಮನೂರಮ್ಮ ಕಾಂಕ್ರೀಟಿಗೆ ನೀರುಣಿಸುವ ಹೆಂಗಸರ ಗುಂಪಿನ ಮುಂದಾಳು. ಐವತ್ತು ದಾಟಿದವಳು. ಸೀರೆಯ ಮೇಲೆ ತುಂಬುತೋಳಿನ ಗಂಡಸರ ಅಂಗಿ, ಸೆರಗಿನ ಮೇಲೆ ಹಳದಿ ಹೆಲ್ಮೆಟ್ಟು. ಈ ಕೆಲಸಕ್ಕೆ ಬರುವ ಮೊದಲು ಹದಿನೆಂಟು ವರ್ಷ ಗಂಗಾವತಿಯ ಅಕ್ಕಿ ಗಿರಣಿಯಲ್ಲಿದ್ದಳು. ಅಲ್ಲಿ ಭತ್ತ ಮೇಲೇರಿಸುವ ತಗಡಿನ ಪೈಪು ದಿನಕ್ಕೊಮ್ಮೆಯಾದರೂ ಕಟ್ಟುತ್ತಿತ್ತು. ಎಲ್ಲಿ ಕಟ್ಟಿದೆಯೆಂದು ಕೋಲಿನಿಂದ ಬಡಿದು, ಕಿವಿಗೊಟ್ಟು, ಗೇಣು ತಪ್ಪದಂತೆ ಹೇಳುವವಳು ಅವಳೊಬ್ಬಳೇ. ಆಮೇಲೆ ಕೆಂಪು ದೀಪ ಹತ್ತಿ ತಾನೇ ಹೇಳುವ ಯಂತ್ರ ಬಂತು, ಅವಳ ಕಿವಿಗೆ ಕೆಲಸವಿಲ್ಲದಾಯಿತು. ಜನವರಿಯಲ್ಲಿ ಮೂರು ಮೀಟರಿನ ತುಂಡು ಕೊಳವೆಗೆ ಕಾಂಕ್ರೀಟ್ ತುಂಬಿ ಪರೀಕ್ಷೆ ಮಾಡುತ್ತಿದ್ದಾಗ, ಎಂಜಿನಿಯರುಗಳೆಲ್ಲ ತಲೆ ಕೆರೆದುಕೊಳ್ಳುತ್ತಿರುವಾಗ, ನೀರಿನ ಕೊಡ ಕೆಳಗಿಟ್ಟು ಬಂದ ಯಮನೂರಮ್ಮ ಬಳೆಯಿಂದಲೇ ಕೊಳವೆಯನ್ನು ತಟ್ಟಿ "ಇಲ್ಲಿ ಮಟ ಬಂದೈತ್ರಿ" ಎಂದು ಬೆರಳಿಟ್ಟಿದ್ದಳು. ಕೊಯ್ದು ನೋಡಿದರೆ ಅರ್ಧ ಬೆರಳಿನಷ್ಟೂ ವ್ಯತ್ಯಾಸವಿರಲಿಲ್ಲ. ಅಂದೇ ಮಹೇಶ್ವರಿ ಅವಳ ಕೈಗೆ ಸುತ್ತಿಗೆ ಕೊಟ್ಟಳು.

ಎಂಟು ಗಂಟೆ ಐದು ನಿಮಿಷಕ್ಕೆ ಎರಡೂ ದಂಡೆಯ ಪಂಪು ಒಟ್ಟಿಗೆ ಗುಡುಗಿದವು. ಹೇಮಗುಡ್ಡದ ಕಡೆಯ ಪಂಪು ನಡೆಸುವವನು ಗಾಳೇಶ. ಪಂಪಿನ ಮೂತಿಗೆ ನಿಂಬೆಹಣ್ಣು ಕಟ್ಟಿ, ಊದುಬತ್ತಿ ಹಚ್ಚಿ, ಆಮೇಲೆ ಸನ್ನೆಕೋಲು ಹಿಡಿದವನು. ಪಂಪಿನ ಒಂದೊಂದು ಹೊಡೆತಕ್ಕೂ ನಲವತ್ತು ಲೀಟರಿನಷ್ಟು ಕಾಂಕ್ರೀಟ್ ಒಳಗೆ ಹೋಗುತ್ತದೆ, ಹನ್ನೆರಡು ಹೊಡೆತಕ್ಕೆ ಒಂದು ಗೆರೆ. ಗಾಳೇಶನ ಬಾಯಲ್ಲಿ ಲೆಕ್ಕ ನಿಲ್ಲುತ್ತಿರಲಿಲ್ಲ.

"ಹತ್ತು!" ಎಂದು ಮಹೇಶ್ವರಿ ಕೂಗಿದಾಗ ಗಡಿಯಾರದಲ್ಲಿ ಎಂಟು ಇಪ್ಪತ್ತೈದು.

"ಹತ್ತ ರೀ ಅಕ್ಕಾರ! ಇಲ್ಲೂ ಹತ್ತ!" ಆಚೆಯಿಂದ ಯಮನೂರಮ್ಮನ ದನಿ ಕಾಲುವೆ ದಾಟಿ ಬಂತು. ವಾಕಿಟಾಕಿ ಅವಳ ಸೊಂಟದಲ್ಲಿತ್ತು, ಆದರೆ ಅದರ ಗುಂಡಿ ಒತ್ತುವ ಗೋಜಿಗೆ ಅವಳು ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಮೂರನೆಯ ಲಾರಿ ಬಂತು. ಅದರ ಕಾಂಕ್ರೀಟ್ ಎಷ್ಟು ತೆಳ್ಳಗಿದೆ ಎಂದು ಹಲಗೆಯ ಮೇಲೆ ಸುರಿದು ನೋಡದೆ ಪಂಪಿಗೆ ಹಾಕುವಂತಿಲ್ಲ. ಮಹೇಶ್ವರಿ ಏಣಿ ಇಳಿದು ಹೋದಳು. ಹಲಗೆಯ ಮೇಲೆ ಕಾಂಕ್ರೀಟ್ ರೊಟ್ಟಿಯಂತೆ ಹರಡಿ ಅರವತ್ತೈದು ಸೆಂಟಿಮೀಟರಿಗೆ ನಿಂತಿತು. ಹೇಳಿ ಮಾಡಿಸಿದ ಹಾಗೆ. ಸಂತೋಷದಿಂದ ಮತ್ತೆ ಮೇಲೆ ಹತ್ತಿದಾಗ ಇನ್ನೊಂದು ಸಂತೋಷ ಕಾದಿತ್ತು.

ಕೆಳಗಿನ ಗೆರೆಗಳಿಗೆ ದಂಡೆಯ ಹುಣಸೆಮರದ ನೆರಳಿತ್ತು. ಅದರಿಂದಾಚೆ, ಹದಿನೈದನೆಯ ಗೆರೆಯಿಂದ ಹದಿನೆಂಟರವರೆಗೆ, ಯಾರೋ ಕೊಳವೆಗೆ ಒದ್ದೆ ಗೋಣಿಚೀಲ ಸುತ್ತಿ ಸುತಳಿಯಿಂದ ಬಿಗಿದಿದ್ದರು. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ಅಲ್ಲ, ಪ್ರಭುರಾಜನೇ. ಅಕ್ಕಿ ಗಿರಣಿಯಿಂದ ಚೀಲ ತರಿಸಿ, ಇದ್ದಷ್ಟನ್ನು ನಾಲ್ಕು ಮಂದಿಯಿಂದ ಕಟ್ಟಿಸಿದ್ದ. ಅವಳು ಬಡಿಯಲು ಬರುತ್ತಾಳೆಂದು ನೆನಪಿಟ್ಟು, ಪ್ರತಿ ಗೆರೆಯ ಬಳಿ ಅಂಗೈಯಗಲ ಉಕ್ಕನ್ನು ಬರಿದೇ ಬಿಡಿಸಿದ್ದ. ಮೂರು ತಿಂಗಳು ಜಗಳವಾಡಿದ ಮನುಷ್ಯ. ಮಹೇಶ್ವರಿ ಬಗ್ಗಿ ಕೆಳಗೆ ನೋಡಿದಳು. ಅವನು ಬೇರೆಲ್ಲೋ ನೋಡುತ್ತಿರುವಂತೆ ನಟಿಸಿದ.

ಅವಳು ಬಡಿದಳು. ಹದಿನಾಲ್ಕು, ಬೊದ್. ಹದಿನೈದು, ಬೊದ್. ಹದಿನಾರು, ಹದಿನೇಳು, ಬೊದ್, ಬೊದ್. ಹದಿನೆಂಟು, ಬೊದ್. ಹತ್ತೊಂಬತ್ತು, ಠಣ್.

ಎಂಟು ನಿಮಿಷದಲ್ಲಿ ನಾಲ್ಕು ಗೆರೆ ಏರಬೇಕಿತ್ತು. ಎಂಟು ಏರಿತ್ತು.

"ಯಕ್ಕಾ, ನಿಂದೆಷ್ಟು?"

"ಹದಿನಾಲ್ಕ!"

ನಾಲ್ಕು ಗೆರೆಯ ವ್ಯತ್ಯಾಸ. ಮಹೇಶ್ವರಿ ವಾಕಿಟಾಕಿ ಬಾಯಿಗೆ ಹಿಡಿದಳು. "ಗಾಳೇಶ, ನಿನ್ನ ಪಂಪ್ ನಿಲ್ಸು. ಗಂಗಾವತಿ ಕಡೆಯವರು ನಡಸ್ರಿ, ಸಮ ಆಗೋತನಕ."

ಒಂದು ಪಂಪಿನ ಸದ್ದು ಅಡಗಿತು. ಆರು ನಿಮಿಷ ಕಳೆಯಿತು. ಯಮನೂರಮ್ಮ ಹದಿನೈದು ಅಂದಳು, ಹದಿನಾರು ಅಂದಳು, ಹದಿನೇಳು ಅಂದಳು. ಎಲ್ಲ ಸರಿಹೋಗುತ್ತಿತ್ತು. ಆದರೆ ಮಹೇಶ್ವರಿಯ ಮನಸ್ಸು ಎಂಟು ಗೆರೆಯಲ್ಲೇ ಸಿಕ್ಕಿಕೊಂಡಿತ್ತು.

"ಗಾಳೇಶ, ಒಟ್ಟು ಎಷ್ಟು ಹೊಡತ ಆಗ್ಯಾವ?"

"ನೂರಾ ಅರವತ್ತೆಂಟ್ರಿ ಮೇಡಂ."

ನೂರ ಅರವತ್ತೆಂಟನ್ನು ಹನ್ನೆರಡರಿಂದ ಭಾಗಿಸಿದರೆ ಹದಿನಾಲ್ಕು. ಕಿವಿ ಹದಿನೆಂಟು ಎನ್ನುತ್ತಿದೆ. ಪಂಪು ಹೊಡೆತಕ್ಕೆ ಕಡಿಮೆ ತಳ್ಳಿದ್ದರೆ ಮಟ್ಟ ಕೆಳಗಿರಬೇಕಿತ್ತು, ಮೇಲಲ್ಲ. ಹದಿನಾಲ್ಕು ಗೆರೆಯಷ್ಟು ಕಾಂಕ್ರೀಟ್ ಹದಿನೆಂಟನ್ನು ಮುಟ್ಟಬೇಕಾದರೆ ಉಳಿದ ನಾಲ್ಕು ಗೆರೆಯ ಜಾಗದಲ್ಲಿ ಬೇರೆ ಏನೋ ಇರಬೇಕು. ಆ ಬೇರೆ ಏನೋ ಗಾಳಿಯಲ್ಲದೆ ಮತ್ತೇನು? ಕಾಂಕ್ರೀಟಿನ ನಡುವೆ ಎಲ್ಲೋ ದೊಡ್ಡದೊಂದು ಗಾಳಿಯ ಗುಳ್ಳೆ ಸಿಕ್ಕಿಕೊಂಡು ಅದನ್ನು ಮೇಲಕ್ಕೆ ಎತ್ತಿದೆ. ಪ್ರಭುರಾಜ ಮೂರು ತಿಂಗಳಿಂದ ಹೇಳುತ್ತಿದ್ದುದು ಇದನ್ನೇ. ಮೂರು ಮಿಲಿಮೀಟರಿನ ಮಾತು ಹಾಗಿರಲಿ, ಒಳಗೆ ಮೀಟರುಗಟ್ಟಲೆ ಪೊಳ್ಳು!

ಕೊಪ್ಪಳದ ಪ್ರಯೋಗಾಲಯದ ಕಿಟಕಿ, ಆ ಕಿಟಕಿಯಾಚೆಯ ಸೈಕಲ್ ಸ್ಟ್ಯಾಂಡು ಅವಳ ಕಣ್ಣಿಗೆ ಕಟ್ಟಿತು. ಕೆಳಗಿನಿಂದ ವಾಕಿಟಾಕಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಪ್ರಭುರಾಜ ಚೇಷ್ಟೆ ಬಿಟ್ಟು ಗಾಳೇಶನಿಂದ ಲೆಕ್ಕವನ್ನು ಮತ್ತೊಮ್ಮೆ ಕೇಳಿಕೊಂಡ. ಅದರಿಂದ ಅವಳಿಗೆ ಇನ್ನಷ್ಟು ದಿಗಿಲಾಯಿತು.

"ಅಕ್ಕಾರ!" ಆಚೆ ಬದಿಯಿಂದ ಯಮನೂರಮ್ಮ ಕೂಗಿದಳು. "ಸುಮ್ನ ಯಾಕ ನಿಂತ್ರಿ?"

"ಯಕ್ಕಾ, ಇಲ್ಲಿ ಹದಿನೆಂಟು ಅನ್ನಾಕತ್ತೈತಿ. ಲೆಕ್ಕ ಹದಿನಾಲ್ಕು ಅಂತೈತಿ."

ಯಮನೂರಮ್ಮ ಹಣೆಗೆ ಕೈ ಅಡ್ಡ ಹಿಡಿದು ಈ ಕಡೆ ನೋಡಿದಳು. "ಆ ಚೀಲ ಯಾವಾಗ ಕಟ್ಟಿದ್ರಿ?"

"ಈಗಿನ್ನ. ಸರ್ ಕಟ್ಟಿಸ್ಯಾರ."

"ಅಯ್ಯ ನನ ಶಿವನ! ಬಿಚ್ಚಿ ಬಡೀರಿ ಅದನ್ನ! ಒದ್ದಿ ಚೀಲ ಹೊದ್ದ ಪೈಪು ಖರೇ ಹೇಳೂದಿಲ್ರಿ. ನಮ್ಮ ಮಿಲ್ಲಿನ್ಯಾಗ ಪೈಪು ಸೋರತೈತಂತ ಒಮ್ಮಿ ಒದ್ದಿ ಚೀಲ ಸುತ್ತಿದ್ರು. ಬಡದ್ರ ಬೊದ್ ಅಂತಿತ್ತು. ಭತ್ತ ಕಟ್ಟೈತಂತ ನಾನ ಹೇಳೀನಿ, ಅರ್ಧ ದಿನ ಪೈಪು ಬಿಚ್ಚಿಸೀನಿ. ಒಳಗ ಒಂದ ಕಾಳ ಇಲ್ಲ! ಮಾಲಕರು ನನಗ ವರ್ಷಗಟ್ಲೆ ಆಡಿಕೊಂಡ್ರು."

ಮಹೇಶ್ವರಿ ಸುತಳಿ ಹರಿದಳು. ಚೀಲ ಜಾರಿ ಕಾಲುವೆಗೆ ಬಿತ್ತು. ಹದಿನೈದರ ಮೇಲೆ ಬಡಿದಳು. ಠಣ್!

ಅಂಥ ಸೊಗಸಾದ ಸದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಮುಂದಿನ ಚೀಲಗಳನ್ನೂ ಸರಿಸಿ ಬಡಿದಳು. ಹದಿನಾರು, ಠಣ್. ಹದಿನೇಳು, ಹದಿನೆಂಟು, ಠಣ್, ಠಣ್. ಹದಿನಾಲ್ಕು ಮಾತ್ರ ಬೊದ್. ಗಾಳಿಯ ಗುಳ್ಳೆಯೂ ಇಲ್ಲ, ಎಂಥದೂ ಇಲ್ಲ. ಉಕ್ಕು ನಡುಗಿದರೆ ತಾನೇ ದನಿ? ಎರಡೂ ಮಗ್ಗುಲಲ್ಲಿ ಒದ್ದೆ ಚೀಲ ಬಿಗಿಹಿಡಿದಿದ್ದರೆ ಅಂಗೈಯಗಲದ ಬರಿಯ ಉಕ್ಕು ಹೇಗೆ ನಡುಗೀತು? ತಬಲೆಯ ಮೇಲೆ ಕೈಯಿಟ್ಟು ಬಾರಿಸಿದ ಹಾಗೆ. ಕಾಲೇಜಿನಲ್ಲಿ ಓದಿದ ಪಾಠವೇ. ಆದರೂ ಒಂದು ಸಲ ಆದದ್ದು ಅಕಸ್ಮಾತ್ ಇರಬಹುದು ಎಂದು ಅವಳು ಇನ್ನೊಂದು ಚೀಲವನ್ನು ಹೊದಿಸಿ ಬಡಿದಳು, ಬೊದ್. ತೆಗೆದು ಬಡಿದಳು, ಠಣ್. ಮತ್ತೆ ಹೊದಿಸಿದಳು. ಮತ್ತೆ ತೆಗೆದಳು.

"ಬಾಜಾ ಬಾರಸಾಕತ್ತೀರೇನ್ರಿ ಅಕ್ಕಾರ?" ಯಮನೂರಮ್ಮ ಚೀರಿದಳು. "ನಂದು ಹದಿನೆಂಟೂ ದಾಟಾಕ ಬಂತು. ಪಂಪು ಚಾಲೂ ಮಾಡಸ್ರಿ!"

ಮಹೇಶ್ವರಿಗೆ ಎಚ್ಚರವಾಯಿತು. ಇಲ್ಲದ ವ್ಯತ್ಯಾಸವನ್ನು ಸರಿಪಡಿಸಲು ಹೋಗಿ ನಿಜವಾದ ವ್ಯತ್ಯಾಸವನ್ನು ತಾನೇ ಮಾಡಿಟ್ಟಿದ್ದಳು. ಗಂಗಾವತಿ ಕಡೆ ಹದಿನೆಂಟು, ಇಲ್ಲಿ ಹದಿನಾಲ್ಕು. ನಾಲ್ಕು ಗೆರೆ. ಅದರ ಮೇಲೆ ಒಂಬತ್ತು ನಿಮಿಷದಿಂದ ಗಾಳೇಶನ ಪಂಪು ನಿಂತಿದೆ. ನಿಂತ ಕಾಂಕ್ರೀಟ್ ಪೈಪಿನಲ್ಲಿ ಗಟ್ಟಿ ಕುಳಿತರೆ ಮತ್ತೆ ಏಳುವುದಿಲ್ಲ.

"ಗಂಗಾವತಿ ಪಂಪು ನಿಲ್ಸ್ರಿ. ಗಾಳೇಶ, ನಿಂದು ಶುರು ಮಾಡು. ಏಳತೈತೇನು?"

"ಮಲಗಿದ್ರ ಅಲ್ರೀ ಏಳೂದು?" ಎಂದ ಗಾಳೇಶ. "ನೀವು ನಿಲ್ಸು ಅಂದ ಗಳಿಗಿಲಿಂದ ಎರಡ ನಿಮಿಷಕ್ಕೊಮ್ಮೆ ಹಿಂದಕ ಎಳದು ಮುಂದಕ ನೂಕಾಕತ್ತೀನಿ. ತೊಟ್ಟಿಲ ತೂಗಿದಂಗ. ಆ ಹೊಡತ ಲೆಕ್ಕಕ್ಕ ಹಿಡದಿಲ್ರಿ ಮತ್ತ."

ಪಂಪು ಮತ್ತೆ ಗುಡುಗಿತು. ಹದಿನೈದು ಬೊದ್ ಎಂದಿತು. ಹದಿನಾರು. ಹದಿನೇಳು. ಹದಿನೆಂಟು. "ಸಮ!" ಎಂದು ಮಹೇಶ್ವರಿ ಕೂಗಿದಾಗ ಎರಡೂ ಪಂಪು ಕೂಡಿ ನಡೆದವು. ಈ ನಡುವೆ ಪ್ರಭುರಾಜ ತಾನೇ ನಾಲ್ಕು ಮಂದಿಯನ್ನು ಓಡಿಸಿ, ಉಳಿದ ಚೀಲಗಳನ್ನೆಲ್ಲ ಬಿಚ್ಚಿಸಿ, ಬರಿಯ ನೀರನ್ನು ಕೊಳವೆಯ ಬೆನ್ನಿಗೆ ಚಿಮುಕಿಸುವುದಕ್ಕೆ ಹಚ್ಚಿದ್ದ.

ಒಂಬತ್ತು ಇಪ್ಪತ್ತೆಂಟಕ್ಕೆ ಮಹೇಶ್ವರಿ ಈ ಕಡೆಯಿಂದ, ಯಮನೂರಮ್ಮ ಆ ಕಡೆಯಿಂದ ಬಡಿಯುತ್ತಾ ಬಂದು ಕಮಾನಿನ ನೆತ್ತಿಯಲ್ಲಿ ಎದುರಾಬದುರು ನಿಂತರು. ನಡುವೆ ಗಾಳಿ ಹೋಗಲೆಂದು ನಿಲ್ಲಿಸಿದ್ದ ಗಿಡ್ಡ ಪೈಪು. ಅದರಿಂದ 'ಉಸ್ಸ್' ಎಂದು ಗಾಳಿ ಬರುತ್ತಿತ್ತು. ಯಮನೂರಮ್ಮ ಅದರ ಬಾಯಿಗೆ ಕೈ ಒಡ್ಡಿ, "ಭಾಳ ಬಿಸಿ ಐತ್ರಿ, ಬಸರಿ ಹೆಂಗಸಿನ ಉಸರಿದ್ದಂಗ" ಎಂದಳು. ಗಾಳಿ ನಿಂತಿತು. ಮೊದಲು ಬೂದುಬಣ್ಣದ ನೀರು ಉಕ್ಕಿತು, ಆಮೇಲೆ ಸಿಮೆಂಟಿನ ಹಾಲು, ಆಮೇಲೆ ಜಲ್ಲಿಕಲ್ಲು ಸಹಿತ ಗಟ್ಟಿ ಕಾಂಕ್ರೀಟು. ಒಂದು ಬಕೀಟು ತುಂಬುವಷ್ಟು ಅದನ್ನು ಹೊರಗೆ ಬಿಟ್ಟು, ಮಹೇಶ್ವರಿ ಕೈಯೆತ್ತಿದಳು. ಎರಡೂ ಬುಡದ ವಾಲ್ವುಗಳನ್ನು ಮುಚ್ಚಿದರು. ಪಂಪು ನಿಂತ ಮೇಲೆ ಕಾಲುವೆಯ ನೀರಿನ ಸದ್ದು ಮೊದಲ ಸಲ ಕೇಳಿಸಿತು.

ಕೆಳಗೆ ಹುಣಸೆಮರದ ಬುಡದಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿಯ ಪೊಟ್ಟಣಗಳು ಬಿಚ್ಚಿಕೊಂಡವು. ಪ್ರಭುರಾಜ ಮಹೇಶ್ವರಿಯ ಮುಂದೆ ಒಂದು ಪೊಟ್ಟಣ ಇಟ್ಟು, ಎದುರಿಗೆ ಕೂತ.

"ಚೀಲ ನಂದ ತಪ್ಪವ್ವ ಮೇಡಮ್ಮ. ನಾ ಕೇಳಬೇಕಿತ್ತು."

"ಗೆರಿ ಬಿಟ್ಟು ಕಟ್ಟಿಸಿದ್ರಲ್ರಿ ಸರ್. ಅಷ್ಟು ಬಿಟ್ರ ಸಾಕಂತ ನಾನೂ ಅಂದ್ಕೊಂಡೆ. ಬಡದಾಕಿ ನಾನು, ತಪ್ಪು ಓದಿದಾಕಿ ನಾನು."

"ಇಬ್ರದೂ ಅಲ್ಲ ಬಿಡ್ರಿ" ಎಂದಳು ಯಮನೂರಮ್ಮ, ಬಾಯ್ತುಂಬ ಮಂಡಕ್ಕಿ ಇಟ್ಟುಕೊಂಡು. "ಚೀಲದ ತಪ್ಪು. ಮಿಲ್ಲಿನ ಚೀಲ, ನನ್ನ ಮ್ಯಾಲಿನ ಸಿಟ್ಟು ಇನ್ನೂ ತೀರಿಲ್ಲ ಅದಕ್ಕ."

ಗಾಳೇಶ ನಕ್ಕು ಚಹಾ ಚೆಲ್ಲಿಕೊಂಡ. ಮಹೇಶ್ವರಿ ದಾಖಲೆ ಪುಸ್ತಕ ತೆಗೆದು ಬರೆದಳು: ಹೇಮಗುಡ್ಡದ ಬದಿಯ ಪಂಪು ಒಂಬತ್ತು ನಿಮಿಷ ಸ್ಥಗಿತ. ಕಾರಣ, ಒದ್ದೆ ಚೀಲದಿಂದ ಸದ್ದು ಮಂದವಾಗಿ ಮಟ್ಟವನ್ನು ತಪ್ಪಾಗಿ ಓದಿದ್ದು. ಓದಿದವರು, ಮಹೇಶ್ವರಿ. ತಿದ್ದಿದವರು, ಯಮನೂರಮ್ಮ. ಬರೆದು ಒಮ್ಮೆ ಓದಿಕೊಂಡಳು. ಎರಡನೆಯ ಕಮಾನು ಯಾರೇ ತುಂಬಲಿ, ಈ ಸಾಲು ಅವರ ಕಣ್ಣಿಗೆ ಬೀಳಬೇಕು. ತನ್ನ ಹೆಸರು ತಪ್ಪಿನ ಪಕ್ಕದಲ್ಲಿ ಕೂತದ್ದರ ಬಗ್ಗೆ ಅವಳಿಗೆ ಅಷ್ಟೇನೂ ಬೇಸರವಾಗಲಿಲ್ಲ. ಆದರೆ ಒಂಬತ್ತು ನಿಮಿಷ ಒಳಗೆ ಏನು ಮಾಡಿರಬಹುದು ಎಂಬ ಹುಳ ಮಾತ್ರ ತಲೆಯಲ್ಲಿ ಉಳಿಯಿತು. ಅದು ಇಪ್ಪತ್ತೆಂಟು ದಿನ ಅಲ್ಲೇ ಹರಿದಾಡುತ್ತಿತ್ತು.

ಮಾರ್ಚ್ ಹತ್ತೊಂಬತ್ತರ ಬೆಳಿಗ್ಗೆ, ಚೀಲಗೀಲವಿಲ್ಲದ ಬರಿಯ ಕೊಳವೆಯ ಮೇಲೆ ಯಮನೂರಮ್ಮ ಈ ಬುಡದಿಂದ ಆ ಬುಡದವರೆಗೆ ಗೇಣು ಗೇಣಿಗೆ ಬಡಿಯುತ್ತಾ ನಡೆದಳು. ಮಹೇಶ್ವರಿ ಸೀಮೆಸುಣ್ಣ ಹಿಡಿದು ಹಿಂದೆ. ಹೇಮಗುಡ್ಡದ ಕಡೆ ಕಾಂಕ್ರೀಟ್ ಒಂಬತ್ತು ನಿಮಿಷ ನಿಂತಿದ್ದ ಹದಿನಾಲ್ಕನೆಯ ಗೆರೆಯ ಬಳಿ ಯಮನೂರಮ್ಮ ಎರಡು ಸಲ ಬಡಿದಳು. ಬೊದ್. ತುಂಬಿದ ಕಣಜದಂತೆ ಬೊದ್. ಹುಳ ಅಲ್ಲೇ ಸತ್ತಿತು. ನೆತ್ತಿಯ ಹತ್ತಿರ, ಮೂವತ್ತೆರಡನೆಯ ಗೆರೆ ದಾಟಿದ ಮೇಲೆ ಯಮನೂರಮ್ಮ ನಿಂತಳು. ಮತ್ತೊಮ್ಮೆ ಬಡಿದಳು.

"ಇಡೀ ಕಮಾನದಾಗ ಇಲ್ಲೊಂದ ಕಡೆ ಕೂದಲೆಳಿಯಷ್ಟು ಬ್ಯಾರೆ ಕೇಳತೈತ್ರಿ. ಕೊರಿಯೂದಿದ್ರ ಇಲ್ಲೇ ಕೊರೀರಿ."

"ಛಲೋ ಇರೋ ಜಾಗ ತೋರ್ಸೂದು ಬಿಟ್ಟು ಕೆಟ್ಟದ್ದ ತೋರಿಸ್ತೀಯಲ್ಲ ಯಕ್ಕ" ಎಂದು ಮಹೇಶ್ವರಿ ನಕ್ಕಳು. ಆದರೆ ಅವಳೂ ಅಲ್ಲೇ ಗುರುತು ಹಾಕಿದಳು. ಎಲ್ಲಕ್ಕಿಂತ ಕೆಟ್ಟ ಜಾಗವನ್ನು ಅಳೆದರೆ ಮಾತ್ರ ಅಳತೆಗೆ ಅರ್ಥ.

ಕೆಳಗೆ ಪ್ರಭುರಾಜ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡುತ್ತಾ, ಸಡಿಲಿಸುತ್ತಾ, ಮತ್ತೆ ಬಿಗಿ ಮಾಡುತ್ತಾ ನಿಂತಿದ್ದ. ಅವನ ಕೈಯಲ್ಲಿ ಯಾರೋ ಆಗಲೇ ಒಂದು ಸುತ್ತಿಗೆ ಇಟ್ಟಿದ್ದರು. ಬಹುಶಃ ಗಾಳೇಶ.

ಡ್ರಿಲ್ಲು ಉಕ್ಕನ್ನು ಕೊರೆದು ನಿಂತಿತು. ಮಹೇಶ್ವರಿ ಪುಡಿ ಊದಿ, ಆಳ ಅಳೆಯುವ ಕ್ಯಾಲಿಪರಿನ ತೆಳು ಕಡ್ಡಿಯನ್ನು ರಂಧ್ರಕ್ಕೆ ಇಳಿಸಿದಳು. ಕಡ್ಡಿ ಕಾಂಕ್ರೀಟಿಗೆ ಮುಟ್ಟಿತು. ಒಮ್ಮೆ ಓದಿದಳು. ತೆಗೆದು, ಒರೆಸಿ, ಮತ್ತೆ ಇಳಿಸಿ ಓದಿದಳು. ಮೂರನೆಯ ಸಲವೂ ಅದೇ ಬಂತು.

"ಎಷ್ಟವ್ವಾ ಮೇಡಮ್ಮಾ?" ಕೆಳಗಿನಿಂದ ಪ್ರಭುರಾಜನ ದನಿ ಎಂದಿಗಿಂತ ಸಣ್ಣಗೆ ಬಂತು. "ಬೂಟಿನ ದಾರ ಕಟ್ಟಲೋ, ಬಿಚ್ಚಲೋ?"

"ಕಟ್ಟ್ರಿ ಸರ್, ಗಟ್ಟಿ ಕಟ್ಟ್ರಿ!" ಎಂದು ಕೂಗಿ ಅವಳು ಪುಸ್ತಕ ತೆರೆದಳು. ರಂಧ್ರದ ಮೇಲಂಚಿನಿಂದ ಕಾಂಕ್ರೀಟಿನವರೆಗೆ ಆಳ ೧೭.೨ ಮಿಲಿಮೀಟರ್. ಉಕ್ಕಿನ ದಪ್ಪ ೧೬. ಸಂದಿ ೧.೨ ಮಿಲಿಮೀಟರ್.